ಕಸದಿಂದ ಕರೆಂಟು: ಯಂತ್ರ ಆರಿಸುವ ಮೊದಲು ಕಸದಲ್ಲಿರುವ ನೀರು ತೂಗಿ

ಬೆಳೆಯುತ್ತಿರುವ ನಗರಗಳಲ್ಲಿ ಕಸದಿಂದ ವಿದ್ಯುತ್ ತೆಗೆಯುವ ಘಟಕಗಳು ನಿಂತುಹೋಗುವುದು ಯಂತ್ರ ಕಳಪೆಯೆಂದಲ್ಲ. ಬಹುಪಾಲು ಸಲ ಕಸ ಒದ್ದೆಯೆಂದು. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಸಿದ್ಧವಾದ ಘಟಕ ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವ್ಯಾಟ್ ಕೊಡಬೇಕಿತ್ತು. ಬಂದ ಕಸದ ಉಷ್ಣಮೌಲ್ಯ, ಅಂದರೆ ಒಂದು ಕಿಲೋ ಸುಟ್ಟರೆ ಸಿಗುವ ಶಾಖ, ವಿನ್ಯಾಸದಲ್ಲಿ ಹಿಡಿದಿದ್ದರ ಅರ್ಧದಷ್ಟೂ ಇರಲಿಲ್ಲ. ಕೆಲವೇ ದಿನ ಓಡಿ ಅದು ನಿಂತಿತು. ಕುಲುಮೆಯನ್ನು ಒಂದು ಬಗೆಯ ಕಸಕ್ಕೆ ಕಟ್ಟಿ, ಇನ್ನೊಂದು ಬಗೆಯ ಕಸ ತಿನ್ನಿಸಿದರೆ ಆಗುವುದು ಇಷ್ಟೇ.

ಆದ್ದರಿಂದ ಈ ಕೆಲಸ ಕಂಪನಿಗಳ ಕ್ಯಾಟಲಾಗಿನಿಂದಲ್ಲ, ತಕ್ಕಡಿಯಿಂದ ಶುರುವಾಗಬೇಕು.

ತೂಗಿ, ಒಣಗಿಸಿ, ಮತ್ತೆ ತೂಗಿ

ಕಸ ಎಷ್ಟು ಬರುತ್ತದೆ ಎಂಬುದನ್ನು ಜನಸಂಖ್ಯೆಯಿಂದ ಗುಣಿಸಿ ತೆಗೆಯಬೇಡಿ. ಲಾರಿಗಳ ಸಂಖ್ಯೆಯನ್ನು ಅವುಗಳ ಸಾಮರ್ಥ್ಯದಿಂದ ಗುಣಿಸುವುದೂ ಬೇಡ. ಅರ್ಧ ತುಂಬಿದ ಲಾರಿ ಲೆಕ್ಕದಲ್ಲಿ ಪೂರ್ತಿ ಲಾರಿಯಾಗುತ್ತದೆ. ವೇಬ್ರಿಡ್ಜ್‌ನಲ್ಲಿ ಪ್ರತಿ ಗಾಡಿಯನ್ನು ತುಂಬಿದಾಗ ಒಮ್ಮೆ, ಸುರಿದ ಮೇಲೆ ಒಮ್ಮೆ ತೂಗಿ, ಕನಿಷ್ಠ ಒಂದು ವರ್ಷದ ದಾಖಲೆ ಇಟ್ಟುಕೊಳ್ಳಿ.

ಕಸದೊಳಗೆ ಏನಿದೆ ಎಂದು ನೋಡಲು ಬೇಸಿಗೆಯಲ್ಲಿ ಒಂದು ವಾರ, ಮಳೆಗಾಲದಲ್ಲಿ ಒಂದು ವಾರ ಮೀಸಲಿಡಿ. ಎರಡೂ ಸಲ ಪೂರ್ತಿ ಏಳು ದಿನ ಬೇಕು. ವಾರದ ನಡುವಿನ ಕಸವೂ ರಜಾದಿನದ ಕಸವೂ ಒಂದೇ ಅಲ್ಲ. ಮನೆಗಳ ವಾರ್ಡು, ಮಾರುಕಟ್ಟೆ, ಕಚೇರಿ ಪ್ರದೇಶ, ಕೊಳೆಗೇರಿ ಹೀಗೆ ಎಲ್ಲ ಕಡೆಯ ಲಾರಿಗಳೂ ಮಾದರಿಯಲ್ಲಿ ಬರಲಿ. ಒಂದು ಲಾರಿಯ ಕಸವನ್ನು ಗಟ್ಟಿ ನೆಲದ ಮೇಲೆ ಸುರಿದು, ಚೆನ್ನಾಗಿ ಕಲಸಿ, ಗುಡ್ಡೆ ಮಾಡಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಉಳಿಸಿಕೊಂಡು ಉಳಿದೆರಡನ್ನು ಬಿಡಿ. 100 ಕಿಲೋ ಆಸುಪಾಸಿಗೆ ಇಳಿಯುವವರೆಗೆ ಹೀಗೇ ಮಾಡಿ, ಆ ರಾಶಿಯನ್ನು ಕೈಯಿಂದ ವಿಂಗಡಿಸಿ: ಆಹಾರ ಮತ್ತು ತರಕಾರಿ, ಎಲೆ-ಕಡ್ಡಿ, ಕಾಗದ, ತೆಳು ಪ್ಲಾಸ್ಟಿಕ್, ಗಟ್ಟಿ ಪ್ಲಾಸ್ಟಿಕ್, ಬಟ್ಟೆ, ರಬ್ಬರು, ಡೈಪರ್-ಪ್ಯಾಡ್, ಗಾಜು, ಲೋಹ, ಮಣ್ಣು-ಕಲ್ಲು. ಸಣ್ಣ ಪುಡಿಯನ್ನು ‘ಇತರೆ’ ಎಂದು ಒಂದೆಡೆ ತಳ್ಳುವ ಅಭ್ಯಾಸವಿದೆ, ಅದು ಬೇಡ. ಆ ಪುಡಿಯಲ್ಲೇ ರಸ್ತೆ ಗುಡಿಸಿದ ಮಣ್ಣು ಇರುತ್ತದೆ. ಮುಂದೆ ಬೂದಿಯ ಲೆಕ್ಕ ತಪ್ಪುವುದು ಅಲ್ಲಿಂದಲೇ.

ತೇವಾಂಶಕ್ಕೆ ಪ್ರತಿ ಬಗೆಯಿಂದ ಒಂದಿಷ್ಟು ತೆಗೆದು, ತಕ್ಷಣ ಗಾಳಿಯಾಡದ ಚೀಲಕ್ಕೆ ಹಾಕಿ ತೂಗಿ. ಬಿಸಿಲಿನಲ್ಲಿ ಎರಡು ಗಂಟೆ ಬಿಟ್ಟ ಮಾದರಿ ಸುಳ್ಳು ಹೇಳುತ್ತದೆ. 105 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಒಂದು ದಿನವಂತೂ ಬೇಕು. ಒಣಗಿದ್ದನ್ನು ನುಣ್ಣಗೆ ಅರೆಸಿ, ಸುಟ್ಟು ಶಾಖ ಅಳೆಯುವ ಬಾಂಬ್ ಕೆಲೊರಿಮೀಟರ್‌ಗೆ ಕಳಿಸಿ. ಅಲ್ಲಿ ಸುಡುವುದು ಒಂದು ಗ್ರಾಂ ಮಾತ್ರ. ಆ ಒಂದು ಗ್ರಾಂ ಇಡೀ ಊರನ್ನು ಪ್ರತಿನಿಧಿಸಬೇಕು ಎಂಬುದು ನೆನಪಿರಲಿ. ಹಾಗಾಗಿ ಒಂದೆರಡು ಮಾದರಿಯಿಂದ ತೀರ್ಮಾನಕ್ಕೆ ಬರಬೇಡಿ. ಪ್ರಯೋಗಾಲಯ ಕೊಡುವುದು ಸಾಮಾನ್ಯವಾಗಿ ಒಟ್ಟು ಉಷ್ಣಮೌಲ್ಯ. ಕುಲುಮೆಗೆ ಬೇಕಾದದ್ದು ನಿವ್ವಳ ಉಷ್ಣಮೌಲ್ಯ, ಅಂದರೆ ನೀರು ಆವಿಯಾಗಲು ತಿನ್ನುವ ಶಾಖವನ್ನು ಕಳೆದದ್ದು. ಟೆಂಡರ್ ಕಾಗದಗಳಲ್ಲಿ ಇವೆರಡನ್ನೂ ಬೆರೆಸಿ ಬರೆದಿರುವುದು ಅಪರೂಪವೇನಲ್ಲ.

ಒಂದು ಲೆಕ್ಕ

ಒದ್ದೆ ಕಸದ ನಿವ್ವಳ ಉಷ್ಣಮೌಲ್ಯ ತೆಗೆಯುವುದು ಸುಲಭ. ಒಣ ಭಾಗದ ನಿವ್ವಳ ಮೌಲ್ಯವನ್ನು ಒಣ ಪಾಲಿನಿಂದ ಗುಣಿಸಿ. ಅದರಿಂದ 2.44ನ್ನು ನೀರಿನ ಪಾಲಿನಿಂದ ಗುಣಿಸಿದ್ದನ್ನು ಕಳೆಯಿರಿ. ಒಂದು ಕಿಲೋ ನೀರು ಆವಿಯಾಗಲು ಬೇಕಾಗುವುದು ಸುಮಾರು 2.44 ಮೆಗಾಜೌಲ್.

ಒಣ ಭಾಗ ಕಿಲೋಗೆ 16 ಮೆಗಾಜೌಲ್ ಕೊಡುತ್ತದೆ, ಕಸದಲ್ಲಿ 58% ನೀರಿದೆ ಎಂದುಕೊಳ್ಳಿ. 16 × 0.42 = 6.72. ಅದರಿಂದ 2.44 × 0.58, ಅಂದರೆ 1.42 ಕಳೆದರೆ ಉಳಿಯುವುದು 5.3 ಮೆಗಾಜೌಲ್. ಅದೇ ಕಸದ ನೀರು 48%ಕ್ಕೆ ಇಳಿದರೆ 8.32ರಿಂದ 1.17 ಕಳೆದು 7.15. ಹತ್ತು ಅಂಶ ನೀರು ಇಳಿದದ್ದಕ್ಕೆ ಉಷ್ಣಮೌಲ್ಯ ಮೂರನೇ ಒಂದು ಭಾಗ ಏರಿತು.

ಈ ಎರಡು ಸಂಖ್ಯೆಗಳ ನಡುವೆಯೇ ಯೋಜನೆಯ ಅಳಿವು-ಉಳಿವು ಇದೆ. ವಿಶ್ವ ಬ್ಯಾಂಕಿನ 1999ರ ಮಾರ್ಗಸೂಚಿ ಹೇಳುವುದು: ಕಸ ಸುಡುವ ಘಟಕಕ್ಕೆ ವರ್ಷದ ಸರಾಸರಿ ಕಿಲೋಗೆ 7 ಮೆಗಾಜೌಲ್ ಇರಬೇಕು, ಯಾವ ಋತುವಿನಲ್ಲೂ 6ಕ್ಕಿಂತ ಕೆಳಗಿಳಿಯಬಾರದು. ಇದಕ್ಕಿಂತ ಹಳೆಯದಾದ ಟ್ಯಾನರ್ ತ್ರಿಕೋನವೂ ಕೈಯಳತೆಗೆ ಒಳ್ಳೆಯದು: ನೀರು 50%ಕ್ಕಿಂತ ಕಡಿಮೆ, ಬೂದಿ 60%ಕ್ಕಿಂತ ಕಡಿಮೆ, ಉರಿಯುವ ಪದಾರ್ಥ 25%ಕ್ಕಿಂತ ಹೆಚ್ಚು. ಮೂರೂ ಕೂಡಿಬಂದರೆ ಕಸ ಬೇರೆ ಇಂಧನದ ನೆರವಿಲ್ಲದೆ ತಾನಾಗಿ ಉರಿಯುತ್ತದೆ. ನಿಮ್ಮ ಮಳೆಗಾಲದ ಸಂಖ್ಯೆ 5ರ ಹತ್ತಿರವಿದ್ದರೆ ಬೆರಕೆ ಕಸವನ್ನು ಬಂದ ಹಾಗೇ ಸುಡುವ ಮಾತನ್ನು ಬಿಟ್ಟುಬಿಡಿ.

ಹಸಿ ಕಸವನ್ನು ಬೇರೆ ಮಾಡಿಯೇ ತೆಗೆದುಕೊಳ್ಳಿ

ಬೆಂಕಿಗೆ ನೀರಿರುವ ಕಸ ಶತ್ರು, ಸೂಕ್ಷ್ಮಜೀವಿಗೆ ಅದೇ ಊಟ. ಹಸಿ ಕಸಕ್ಕೆ ಡೈಜೆಸ್ಟರ್ (ಗಾಳಿಯಿಲ್ಲದೆ ಕೊಳೆಯಿಸಿ ಅನಿಲ ತೆಗೆಯುವ ಮುಚ್ಚಿದ ತೊಟ್ಟಿ), ಮರುಬಳಕೆಯಾಗದ ಒಣ ಕಸಕ್ಕೆ ಇಂಧನ ತಯಾರಿ, ಎರಡಕ್ಕೂ ಸೇರದೆ ಉಳಿದದ್ದಕ್ಕೆ ಕುಲುಮೆ, ಇದೇ ಕ್ರಮ. ಹಸಿ ಕಸ ಬೇರೆಯಾದಷ್ಟೂ ಕುಲುಮೆಯ ಕಸ ಒಣಗುತ್ತದೆ. ಹಾಗಾಗಿ ಈ ಎರಡು ಯೋಜನೆಗಳನ್ನು ಬೇರೆ ಬೇರೆ ಕಡತಗಳಲ್ಲಿ ನಡೆಸುವುದು ತಪ್ಪು.

ಡೈಜೆಸ್ಟರಿನ ಗಾತ್ರ ಹೀಗೆ ನಿರ್ಧರಿಸಿ. ದಿನಕ್ಕೆ 50 ಟನ್ ಶುದ್ಧ ಹಸಿ ಕಸ ಬರುತ್ತದೆ. ಅದರಲ್ಲಿ ಘನಾಂಶ 25%, ಘನಾಂಶದಲ್ಲಿ ಕೊಳೆಯಬಲ್ಲ ಸಾವಯವ ಭಾಗ 85% ಎಂದರೆ ದಿನಕ್ಕೆ ಸುಮಾರು 10.6 ಟನ್ ಸಾವಯವ ಘನ. ಒಂದು ಘನ ಮೀಟರ್ ಡೈಜೆಸ್ಟರಿಗೆ ದಿನಕ್ಕೆ 3 ಕಿಲೋ ಉಣಿಸಬಹುದು ಎಂದು ಹಿಡಿದರೆ 3,500 ಘನ ಮೀಟರ್ ಬೇಕು. ಸಮಪ್ರಮಾಣದಲ್ಲಿ ನೀರು ಬೆರೆಸಿ 35 ದಿನ ಒಳಗಿಡುವ ಲೆಕ್ಕದಲ್ಲೂ ಅಷ್ಟೇ ಬರುತ್ತದೆ. ಎರಡು ಲೆಕ್ಕಗಳು ತಾಳೆಯಾಗದಿದ್ದರೆ ದೊಡ್ಡದನ್ನು ಹಿಡಿಯಿರಿ. ಅನಿಲವನ್ನು ಕಿಲೋ ಸಾವಯವ ಘನಕ್ಕೆ ಅರ್ಧ ಘನ ಮೀಟರ್ ಎಂದು ಬಿಗಿಯಾಗಿ ಹಿಡಿದರೆ ದಿನಕ್ಕೆ 5,300 ಘನ ಮೀಟರ್. ಒಂದು ಘನ ಮೀಟರಿನಿಂದ ಎಂಜಿನ್ 2 ಯೂನಿಟ್ ಕೊಟ್ಟರೆ 440 ಕಿಲೋವ್ಯಾಟ್ ನಿರಂತರ ಉತ್ಪಾದನೆ. ಪಂಪು, ಮಿಕ್ಸರ್, ಅರೆಯುವ ಯಂತ್ರಗಳ ಬಳಕೆ ಇದರಿಂದಲೇ ಹೋಗಬೇಕು. ಕರೆಂಟಿನ ಬದಲು ಕಾರ್ಬನ್ ಡೈಆಕ್ಸೈಡ್ ಬೇರ್ಪಡಿಸಿ, ಮೀಥೇನನ್ನು ಒತ್ತಿ ತುಂಬಿ ವಾಹನಗಳಿಗೆ ಕೊಡುವ ದಾರಿಯೂ ಇದೆ. ಎಂಜಿನ್ನಿನ ಶಾಖಕ್ಕೆ ಗಿರಾಕಿ ಇಲ್ಲದ ಕಡೆ ಅದೇ ಹೆಚ್ಚು ಗಿಟ್ಟುತ್ತದೆ.

ಯೋಜನಾ ವರದಿಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುವ ಒಂದು ವಿಷಯ ಇಲ್ಲಿದೆ, ಅದೇ ಬಗ್ಗಡ. ಒಳಗೆ ಹೋದ 100 ಟನ್ನಿನಲ್ಲಿ (50 ಟನ್ ಕಸ, 50 ಟನ್ ನೀರು) ಅನಿಲವಾಗಿ ಹೋಗುವುದು ಆರು ಟನ್ನಿನಷ್ಟು. ಉಳಿದ 90ಕ್ಕೂ ಹೆಚ್ಚು ಟನ್ ಬಗ್ಗಡ ಪ್ರತಿದಿನ ಹೊರಬರುತ್ತದೆ. ಹಿಂಡಿ, ದ್ರವವನ್ನು ಹೊಸ ಕಸ ಕಲಸಲು ಮತ್ತೆ ಬಳಸಬಹುದು. ಆದರೆ ಸುತ್ತು ಹೆಚ್ಚಾದಂತೆ ಅಮೋನಿಯ ಮತ್ತು ಉಪ್ಪು ಶೇಖರವಾಗಿ ಸೂಕ್ಷ್ಮಜೀವಿಗಳು ಮಂಕಾಗುತ್ತವೆ. ಒಂದಷ್ಟು ಹೊಸ ನೀರು, ಒಂದಷ್ಟು ಶುದ್ಧೀಕರಿಸಿ ಹೊರಬಿಡುವ ದ್ರವ ಇರಲೇಬೇಕು. ಈ ಬಗ್ಗಡ ಎಲ್ಲಿಗೆ ಹೋಗುತ್ತದೆ, ಯಾರು ಒಯ್ಯುತ್ತಾರೆ ಎಂಬುದಕ್ಕೆ ಬರಹದಲ್ಲಿ ಉತ್ತರ ಸಿಗದೆ ಅಡಿಪಾಯ ತೋಡಬೇಡಿ.

ಶುರು ಮಾಡುವಾಗ ಆತುರವೇ ದೊಡ್ಡ ಶತ್ರು. ತೊಟ್ಟಿಯ ಮೂರನೇ ಒಂದು ಭಾಗದಷ್ಟು ಸಗಣಿ ರಾಡಿ ಅಥವಾ ಓಡುತ್ತಿರುವ ಬೇರೊಂದು ಡೈಜೆಸ್ಟರಿನ ಬಗ್ಗಡ ತುಂಬಿ, 35ರಿಂದ 40 ಡಿಗ್ರಿಗೆ ತಂದು, ಘನ ಮೀಟರಿಗೆ ಅರ್ಧ ಕಿಲೋ ಸಾವಯವ ಘನದಿಂದ ಉಣಿಸಲು ಆರಂಭಿಸಿ. ವಾರಕ್ಕೆ 10-15% ಏರಿಸುತ್ತ ಹೋದರೆ ಪೂರ್ತಿ ಹೊರೆಗೆ ಬರಲು ಮೂರ್ನಾಲ್ಕು ತಿಂಗಳು ಬೇಕು. ಉದ್ಘಾಟನೆಯ ದಿನಾಂಕ ಗೊತ್ತಾಗಿದೆ ಎಂದು ಒಮ್ಮೆಗೇ ತುಂಬಿದರೆ ಆಮ್ಲ ಮಾಡುವ ಬ್ಯಾಕ್ಟೀರಿಯ ಮುಂದೆ ಓಡಿ, ಮೀಥೇನ್ ಮಾಡುವವು ಹಿಂದೆ ಬೀಳುತ್ತವೆ, ತೊಟ್ಟಿ ಹುಳಿಯಾಗುತ್ತದೆ. ಪಿಹೆಚ್ ನೋಡಿಕೊಂಡು ಕೂತರೆ ತಡವಾಗಿಬಿಡುತ್ತದೆ. ಅದು ಇಳಿಯುವ ಹೊತ್ತಿಗೆ ರೋಗ ಬಲಿತಿರುತ್ತದೆ. ಬಾಷ್ಪಶೀಲ ಆಮ್ಲ ಮತ್ತು ಕ್ಷಾರತೆಯ ಅನುಪಾತವನ್ನು ವಾರಕ್ಕೆ ಮೂರು ಸಲ ಅಳೆಯಿರಿ. 0.3 ಆಸುಪಾಸು ಆರೋಗ್ಯ. 0.4 ದಾಟಿದರೆ ಉಣಿಸುವುದನ್ನು ಅರ್ಧಕ್ಕೆ ಇಳಿಸಿ, ಇನ್ನೂ ಏರಿದರೆ ನಿಲ್ಲಿಸಿ ಕಾಯಿರಿ. ಸುಣ್ಣ ಸುರಿದು ಪಿಹೆಚ್ ಏರಿಸುವುದು ಜ್ವರಕ್ಕೆ ತಣ್ಣೀರು ಬಟ್ಟೆ ಕಟ್ಟಿದಂತೆ, ಅಷ್ಟೆ.

ಡೈಜೆಸ್ಟರ್ ಕೆಡಲು ಇನ್ನೊಂದು ಕಾರಣ ಪ್ಲಾಸ್ಟಿಕ್ ಮತ್ತು ಮರಳು. ತೆಳು ಪ್ಲಾಸ್ಟಿಕ್ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ, ಮಿಕ್ಸರಿಗೆ ಸುತ್ತಿಕೊಳ್ಳುತ್ತದೆ. ಮರಳು, ಗಾಜಿನ ಚೂರು ತಳ ಸೇರಿ ವರ್ಷದಿಂದ ವರ್ಷಕ್ಕೆ ಗಾತ್ರ ನುಂಗುತ್ತದೆ. ಕಸ ಅರೆಯುವ ಮುಂಚೆಯೇ ಇವೆರಡನ್ನೂ ತೆಗೆಯುವ ವ್ಯವಸ್ಥೆ ಇರಬೇಕು; ಅರೆದ ಮೇಲೆ ಪ್ಲಾಸ್ಟಿಕ್ ಚೂರಾಗಿ ಗೊಬ್ಬರಕ್ಕೂ ಸೇರುತ್ತದೆ. ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಎಂಜಿನ್ ಎಣ್ಣೆಯನ್ನು ಆಮ್ಲವಾಗಿಸಿ ಬೇರಿಂಗ್ ತಿನ್ನುತ್ತದೆ. ಕಬ್ಬಿಣದ ಕ್ಲೋರೈಡ್ ಬೆರೆಸುವುದರಿಂದಲೋ ತೊಟ್ಟಿಯ ಮೇಲ್ಭಾಗಕ್ಕೆ ಅಳತೆಯಾಗಿ ಚೂರು ಗಾಳಿ ಬಿಡುವುದರಿಂದಲೋ ಅದನ್ನು ತಗ್ಗಿಸಬಹುದು. ‘ಚೂರು’ ಎಂಬುದನ್ನು ಮೀಟರ್ ಹೇಳಬೇಕು, ಆಪರೇಟರಿನ ಅಂದಾಜಲ್ಲ: ಗಾಳಿಯಲ್ಲಿ ಮೀಥೇನ್ 5ರಿಂದ 15% ಇದ್ದರೆ ಸ್ಫೋಟಿಸುತ್ತದೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯೇ ಸತ್ತು ವಾಸನೆ ನಿಂತಂತೆ ಅನ್ನಿಸುತ್ತದೆ. ಗ್ಯಾಸ್ ಡಿಟೆಕ್ಟರ್ ಇಲ್ಲದೆ, ಮೇಲೆ ಹಗ್ಗ ಹಿಡಿದ ಇನ್ನೊಬ್ಬರಿಲ್ಲದೆ ಯಾರೂ ಗುಂಡಿಗೆ ಇಳಿಯಬಾರದು.

ಒಣ ಕಸದಿಂದ ಇಂಧನ

ಮರುಬಳಕೆಗೆ ಹೋಗುವುದೆಲ್ಲ ಮೊದಲು ಹೋಗಲಿ. ಉಳಿದ ಕೊಳಕು ಪ್ಲಾಸ್ಟಿಕ್, ಬಟ್ಟೆ, ಕಾಗದ, ರಬ್ಬರನ್ನು ತಿರುಗುವ ಜರಡಿಯಲ್ಲಿ ಹಾಯಿಸಿ ಮಣ್ಣು ಉದುರಿಸಿ. ಅಯಸ್ಕಾಂತದಿಂದ ಕಬ್ಬಿಣ ತೆಗೆದು, ಗಾಳಿಯ ಹೊಡೆತದಿಂದ ಹಗುರ-ಭಾರ ಬೇರ್ಪಡಿಸಿ, 50 ಮಿಲಿಮೀಟರ್ ಆಸುಪಾಸಿಗೆ ಕತ್ತರಿಸಿ. ಇದೇ ಆರ್‌ಡಿಎಫ್ (ಕಸದಿಂದ ತಯಾರಿಸಿದ ಇಂಧನ). ಸಿಮೆಂಟ್ ಗೂಡಿಗೆ ಇದು ಒಳ್ಳೆಯ ಜೋಡಿ: ಅಲ್ಲಿ ಕಚ್ಚಾವಸ್ತು 1,450 ಡಿಗ್ರಿಗೆ ಕಾಯುತ್ತದೆ, ಬೂದಿ ಕ್ಲಿಂಕರಿನೊಳಗೇ (ಅರೆದರೆ ಸಿಮೆಂಟಾಗುವ ಗಟ್ಟಿ) ಸೇರಿಹೋಗುತ್ತದೆ. ಆದರೆ ಸಿಮೆಂಟಿನವರು ಮೊದಲು ಕೇಳುವುದು ಕ್ಲೋರಿನ್ ಎಷ್ಟು ಎಂದು. ಪಿವಿಸಿ ಹಾಗೂ ಊಟದ ಉಪ್ಪಿನಿಂದ ಬರುವ ಕ್ಲೋರಿನ್ ಗೂಡಿನ ಒಳಗೋಡೆಯಲ್ಲಿ ಗಂಟು ಕಟ್ಟಿಸುತ್ತದೆ. 1%ಕ್ಕಿಂತ ಕೆಳಗಿಟ್ಟರೆ ಮಾತು ಮುಂದುವರಿಯುತ್ತದೆ. ಗೋದಾಮಿಗೆ ಮೇಲ್ಛಾವಣಿ ಕಡ್ಡಾಯ, ರಾಶಿಗಳ ನಡುವೆ ಬೆಂಕಿ ನಂದಿಸುವ ಗಾಡಿ ಹಾಯುವಷ್ಟು ಜಾಗ ಬೇಕು. ಒದ್ದೆಯಾಗಿ ಬಿಗಿದ ಬೇಲ್‌ಗಳು (ಇಂಧನದ ಕಟ್ಟುಗಳು) ಒಳಗೇ ಬಿಸಿಯಾಗಿ ತಾವಾಗಿ ಹೊತ್ತಿಕೊಳ್ಳುತ್ತವೆ.

ಕುಲುಮೆ: ಗುಂಡಿಯಿಂದ ಚಿಮಣಿಯವರೆಗೆ

ಒದ್ದೆ ಕಸದ ಕುಲುಮೆಯ ನಿಜವಾದ ಮೊದಲ ಯಂತ್ರ ಕಸದ ಗುಂಡಿ. ಚೀನಾದ ನಗರಗಳು ಒದ್ದೆ ಕಸವನ್ನೂ ಸುಡಲು ಸಾಧ್ಯವಾಗಿಸಿಕೊಂಡದ್ದು ಬಹುಮಟ್ಟಿಗೆ ಇಲ್ಲಿಯೇ. ಕಸವನ್ನು 5ರಿಂದ 7 ದಿನ ಗುಂಡಿಯಲ್ಲಿಟ್ಟು, ಕ್ರೇನಿನಿಂದ ಎತ್ತಿ ಹಾಕಿ ಕಲಸುತ್ತ, ನೀರು ಬಸಿಯಲು ಬಿಡುತ್ತಾರೆ. ಒಳಗೇ ಕೊಳೆಯಲು ಶುರುವಾಗಿ ಬಿಸಿಯೇರುತ್ತದೆ, ನೀರು ಬಿಟ್ಟುಕೊಡುತ್ತದೆ. ಮೇಲಿನ ಲೆಕ್ಕಕ್ಕೆ ಮರಳಿ: 58%ರಿಂದ 48%ಕ್ಕೆ ಬರಲು ಟನ್ನಿಗೆ ಸುಮಾರು 190 ಲೀಟರ್ ನೀರು ಹೋಗಬೇಕು. ಕುಲುಮೆಗೆ ದಿನಕ್ಕೆ 300 ಟನ್ ಕೊಡಬೇಕಾದರೆ ಗುಂಡಿಗೆ 370 ಟನ್ ಬರಬೇಕು, 70 ಟನ್ ಕೊಳೆನೀರು ಹೊರಹೋಗಬೇಕು. ಅದರ ಶುದ್ಧೀಕರಣ ಘಟಕದ ಗಾತ್ರ, ವೆಚ್ಚ ಎರಡೂ ಇಲ್ಲಿಂದಲೇ ಹುಟ್ಟುತ್ತವೆ.

ಬಸಿಯುವ ಜಾಲರಿಗಳು ಗುಂಡಿಯ ಗೋಡೆಯಲ್ಲಿ ಬೇರೆ ಬೇರೆ ಎತ್ತರದಲ್ಲಿರಲಿ. ತಳದಲ್ಲಿ ಮಾತ್ರ ಇದ್ದರೆ ಬಟ್ಟೆ, ಪ್ಲಾಸ್ಟಿಕ್ ಕಟ್ಟಿಕೊಂಡು ಗುಂಡಿ ಕೆರೆಯಾಗುತ್ತದೆ. ಜಾಲರಿಯ ಹಿಂದೆ ಮನುಷ್ಯ ನಡೆದು ಚುಚ್ಚಿ ಬಿಡಿಸುವಷ್ಟು ಓಣಿ, ಅದಕ್ಕೆ ಗಾಳಿಯ ಫ್ಯಾನು ಮತ್ತು ಮೀಥೇನ್ ಡಿಟೆಕ್ಟರ್ ಬೇಕು. ಕುಲುಮೆಗೆ ಬೇಕಾದ ಗಾಳಿಯನ್ನು ಗುಂಡಿಯ ಮೇಲಿಂದಲೇ ಎಳೆದರೆ ವಾಸನೆ ಹೊರಗೆ ಹೋಗುವುದಿಲ್ಲ. ಕುಲುಮೆ ನಿಂತ ದಿನ ಆ ಗಾಳಿಯನ್ನು ಎಳೆಯುವವರು ಯಾರು? ಇದ್ದಿಲ ಫಿಲ್ಟರ್ ಇರುವ ಬದಲಿ ಫ್ಯಾನು ಇರಬೇಕು. ಅಕ್ಕಪಕ್ಕದ ಬಡಾವಣೆಗಳ ದೂರುಗಳು ಹೆಚ್ಚಾಗಿ ರಿಪೇರಿಯ ವಾರಗಳಲ್ಲೇ ಬರುತ್ತವೆ. ಕ್ರೇನು ಎರಡಿರಲಿ. ಒಂದೇ ಇದ್ದರೆ ಅದರ ಹಗ್ಗ ಹರಿದ ದಿನ ಇಡೀ ಘಟಕಕ್ಕೆ ರಜೆ.

ಕುಲುಮೆಯನ್ನು ಟನ್ನಿಗೆ ಕಟ್ಟುವುದಿಲ್ಲ, ಶಾಖಕ್ಕೆ ಕಟ್ಟುತ್ತಾರೆ. 25 ಮೆಗಾವ್ಯಾಟ್ ಶಾಖದ ಒಂದು ಕುಲುಮೆ, ಕಿಲೋಗೆ 7 ಮೆಗಾಜೌಲಿನ ಕಸವಾದರೆ ಗಂಟೆಗೆ 12.9 ಟನ್, ದಿನಕ್ಕೆ 300 ಟನ್ ದಾಟಿ ತಿನ್ನುತ್ತದೆ. ಊರಿನ ವಿಂಗಡಣೆ ಸುಧಾರಿಸಿ ಕಸ 9 ಮೆಗಾಜೌಲ್ ಆಯಿತೆನ್ನಿ. ಅದೇ ಕುಲುಮೆ ಗಂಟೆಗೆ 10 ಟನ್, ದಿನಕ್ಕೆ 240 ಟನ್ನಿಗೆ ಸಾಕೆನ್ನುತ್ತದೆ. ಯಂತ್ರ ಕೆಟ್ಟಿಲ್ಲ, ಬಾಯ್ಲರ್ ತುಂಬಿದೆ. ಟನ್ನಿಗೆ ಇಷ್ಟು ಎಂದು ಬರೆದುಕೊಂಡ ಕರಾರು ಇಲ್ಲಿ ಜಗಳಕ್ಕೆ ಬರುತ್ತದೆ. ಕರೆಂಟಿನ ಲೆಕ್ಕ: 7 ಮೆಗಾಜೌಲ್ ಕಸ, ಒಟ್ಟು ದಕ್ಷತೆ 22% ಹಿಡಿದರೆ ಟನ್ನಿಗೆ 428 ಯೂನಿಟ್, 300 ಟನ್ನಿಗೆ 5.3 ಮೆಗಾವ್ಯಾಟ್. ಘಟಕ ತಾನೇ ಬಳಸುವ ಸುಮಾರು 15% ಕಳೆದರೆ 4.5. ಇದೇ ಕಸಕ್ಕೆ ಯಾರಾದರೂ 8 ಮೆಗಾವ್ಯಾಟ್ ಎಂದರೆ ಯಾವ ಉಷ್ಣಮೌಲ್ಯ ಹಿಡಿದಿದ್ದೀರಿ ಎಂದು ಕೇಳಿ.

ಹಬೆಯನ್ನು ಇನ್ನಷ್ಟು ಬಿಸಿ ಮಾಡಿದರೆ ದಕ್ಷತೆ ಏರುತ್ತದೆ ಎಂಬುದು ನಿಜ. ಆದರೆ ಕಸದ ಹೊಗೆಯಲ್ಲಿರುವ ಕ್ಲೋರೈಡುಗಳು ಬಿಸಿ ಕೊಳವೆಗಳನ್ನು ಬೇಗ ಕೊರೆಯುತ್ತವೆ. 40 ಬಾರ್, 400 ಡಿಗ್ರಿ ಎಂಬುದು ಬಹಳ ಕಾಲದಿಂದ ರೂಢಿಯಲ್ಲಿರುವುದು ಅದಕ್ಕೇ.

ಹೊಗೆಯ ವಿಷಯದಲ್ಲಿ ಕೆಲವು ಸಂಖ್ಯೆಗಳು ಬಾಯಿಪಾಠವಿರಬೇಕು. ಹೊಗೆ 850 ಡಿಗ್ರಿಯಲ್ಲಿ ಕನಿಷ್ಠ 2 ಸೆಕೆಂಡ್ ಇರಬೇಕು. ಅದಕ್ಕಿಂತ ಕೆಳಗಿಳಿದರೆ ಸಹಾಯಕ ಬರ್ನರ್ ತಾನಾಗಿ ಹೊತ್ತಿಕೊಳ್ಳಬೇಕು, ಕಸ ಹಾಕುವುದು ತಾನಾಗಿ ನಿಲ್ಲಬೇಕು. ಡೀಸೆಲ್ ಉಳಿಸಲು ಬರ್ನರನ್ನು ಕೈಯಿಂದ ಬಂದ್ ಮಾಡುವ ಸ್ವಿಚ್ ಇರಕೂಡದು. ಇಷ್ಟು ಉರಿದ ಮೇಲೂ ಹೊಗೆ 200ರಿಂದ 450 ಡಿಗ್ರಿಯ ನಡುವೆ ನಿಧಾನವಾಗಿ ತಣಿದರೆ ಬೂದಿಯ ಕಣಗಳ ಮೇಲೆ ಡಯಾಕ್ಸಿನ್ ಎಂಬ ಕಡುವಿಷ ಮತ್ತೆ ಹುಟ್ಟುತ್ತದೆ. ಆ ಹಂತವನ್ನು ಬೇಗ ದಾಟಿಸಬೇಕು, ಬಾಯ್ಲರಿನ ಆ ಭಾಗದಲ್ಲಿ ಬೂದಿ ಕೂರಲು ಬಿಡಬಾರದು. ಆಮೇಲೆ ಆಮ್ಲ ಅನಿಲಗಳಿಗೆ ಸುಣ್ಣ, ಡಯಾಕ್ಸಿನ್ ಮತ್ತು ಪಾದರಸಕ್ಕೆ ಸಕ್ರಿಯ ಇದ್ದಿಲ ಪುಡಿ, ಕೊನೆಗೆ ಚೀಲದ ಫಿಲ್ಟರ್. ಐರೋಪ್ಯ ಒಕ್ಕೂಟದ 2010ರ ನಿರ್ದೇಶನದಲ್ಲಿ ಡಯಾಕ್ಸಿನ್ ಮಿತಿ ಘನ ಮೀಟರಿಗೆ 0.1 ನ್ಯಾನೋಗ್ರಾಂ. ಅದನ್ನು ಕ್ಷಣಕ್ಷಣ ತೋರಿಸುವ ಮೀಟರ್ ಚಿಮಣಿಯಲ್ಲಿ ಇರುವುದಿಲ್ಲ. ಮಾದರಿ ಹಿಡಿದು ಪ್ರಯೋಗಾಲಯಕ್ಕೆ ಕಳಿಸಬೇಕು. ನಡುವಿನ ದಿನಗಳಿಗೆ ಕಾರ್ಬನ್ ಮಾನಾಕ್ಸೈಡ್, ಕುಲುಮೆಯ ತಾಪ, ಇದ್ದಿಲ ಪುಡಿಯ ಬಳಕೆ ಈ ಮೂರೇ ಸಾಕ್ಷಿ. ತಿಂಗಳ ಇದ್ದಿಲ ಖರೀದಿಯ ಬಿಲ್ಲನ್ನೂ ಸುಟ್ಟ ಕಸದ ತೂಕವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಬಹಳಷ್ಟು ತಿಳಿಯುತ್ತದೆ. ಫಿಲ್ಟರಿನ ಚೀಲಗಳು ಹೆಚ್ಚಾಗಿ ಹಾಳಾಗುವುದು ಓಡುವಾಗಲ್ಲ, ಶುರು ಮಾಡುವಾಗ: ತಣ್ಣನೆಯ ಚೀಲದ ಮೇಲೆ ಆಮ್ಲದ ಹನಿ ಕಟ್ಟುತ್ತದೆ. ಮೊದಲು ಬಿಸಿಗಾಳಿ ಹಾಯಿಸಿ, ಆಮೇಲೆ ಕಸ ಹಾಕಿ.

ತಳದ ಬೂದಿ ಸುಟ್ಟ ಕಸದ ತೂಕದ ಕಾಲು ಭಾಗದವರೆಗೂ ಬರುತ್ತದೆ, ರಸ್ತೆ ಮಣ್ಣು ಸೇರಿದ್ದರೆ ಇನ್ನೂ ಹೆಚ್ಚು. ಲೋಹ ತೆಗೆದು, ಕೆಲವು ವಾರ ಹಳಸಲು ಬಿಟ್ಟು, ಪರೀಕ್ಷಿಸಿ ರಸ್ತೆಯ ಅಡಿಪದರಕ್ಕೆ ಬಳಸಬಹುದು. ಫಿಲ್ಟರಿನಲ್ಲಿ ಸಿಗುವ ಹಾರುಬೂದಿ ಪ್ರಮಾಣದಲ್ಲಿ ತೀರಾ ಕಡಿಮೆ, ವಿಷದಲ್ಲಿ ಹೆಚ್ಚು. ಅದನ್ನು ಬೇರೆ ಸೈಲೋದಲ್ಲಿ ಹಿಡಿದು, ಸಿಮೆಂಟ್ ಬೆರೆಸಿ ಗಟ್ಟಿ ಮಾಡಿ, ಅಪಾಯಕಾರಿ ತ್ಯಾಜ್ಯದ ಹೂಳುಗುಂಡಿಗೆ ಒಯ್ಯಬೇಕು. ಎರಡೂ ಬೂದಿ ಒಂದೇ ಲಾರಿಯಲ್ಲಿ ಹೊರಟರೆ ತಳದ ಬೂದಿಯೂ ಕೆಟ್ಟಿತು.

ಹಳೆಯ ಗುಡ್ಡೆ

ಊರಾಚೆಯ ಹಳೆಯ ಕಸದ ಗುಡ್ಡೆಯಿಂದಲೂ ಅನಿಲ ಬರುತ್ತದೆ, ಅರ್ಧದಷ್ಟು ಮೀಥೇನ್. ಆದರೆ ಮಣ್ಣು ಮುಚ್ಚದ, ಪದೇ ಪದೇ ಬೆಂಕಿ ಬಿದ್ದ ಗುಡ್ಡೆಯಲ್ಲಿ ಬಾವಿ ಕೊರೆದರೆ ಎಂಜಿನ್ ಓಡಿಸುವಷ್ಟು ಸಿಗುವುದು ಕಷ್ಟ. ಜೋರಾಗಿ ಎಳೆದರೆ ಹೊರಗಾಳಿ ಒಳನುಗ್ಗಿ ಒಳಗೇ ಬೆಂಕಿ ಹತ್ತುತ್ತದೆ. ಸಾಧ್ಯವಾದರೆ ಗುಡ್ಡೆ ಮುಚ್ಚಿ ಅನಿಲವನ್ನು ಎಂಜಿನ್ನಿಗೆ ಕೊಡಿ, ಇಲ್ಲವೇ ಕನಿಷ್ಠ ಆ ಅನಿಲವನ್ನು ಸುಟ್ಟುಬಿಡಿ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡಿಗಿಂತ 28 ಪಟ್ಟು ಬಿಸಿ ಹಿಡಿಯುತ್ತದೆ.

ಕರಾರು, ಮತ್ತು ಒಪ್ಪಿಕೊಳ್ಳುವ ಮುನ್ನದ ಪರೀಕ್ಷೆ

‘ದಿನಕ್ಕೆ ಇಷ್ಟು ಟನ್ ಕೊಡದಿದ್ದರೆ ನಗರಾಡಳಿತ ದಂಡ ಕಟ್ಟಬೇಕು’ ಎಂಬ ಷರತ್ತಿಗೆ ಸಹಿ ಹಾಕುವ ಮುಂಚೆ, ಹತ್ತು ವರ್ಷದಲ್ಲಿ ಮರುಬಳಕೆ ಮತ್ತು ಹಸಿ ಕಸದ ವಿಂಗಡಣೆ ಎಷ್ಟಾಗಬಹುದು ಎಂದು ಲೆಕ್ಕ ಹಾಕಿ. ಘಟಕದ ಗಾತ್ರವನ್ನು ಇಂದಿನ ಒಟ್ಟು ಕಸಕ್ಕಲ್ಲ, ಅಂದು ಉಳಿಯುವ ಕಸಕ್ಕೆ ನಿಗದಿ ಮಾಡಿ. ಒಂದೇ ದೊಡ್ಡ ಕುಲುಮೆಗಿಂತ ಎರಡು ಚಿಕ್ಕವು ದುಬಾರಿ, ಆದರೂ ಒಂದು ನಿಂತಾಗ ಊರಿನ ಕಸ ಬೀದಿಗೆ ಬರುವುದಿಲ್ಲ. ಕಸದ ತೇವಾಂಶ ಮಿತಿ ಮೀರಿದರೆ ನಷ್ಟ ಯಾರದು, ಕೊಳೆನೀರು ಮತ್ತು ಬೂದಿಯ ಖರ್ಚು ಯಾರದು, ಚಿಮಣಿಯ ಅಂಕಿಗಳು ಸಾರ್ವಜನಿಕ ಫಲಕದಲ್ಲಿ ಕಾಣುತ್ತವೆಯೇ ಎಂಬುದೆಲ್ಲ ಬರಹದಲ್ಲಿರಬೇಕು. ಹಣ ಕೊಡುವುದು ಗ್ರಿಡ್‌ಗೆ ನಿಜವಾಗಿ ಹೋದ ಯೂನಿಟ್‌ಗಳಿಗೆ, ಜನರೇಟರಿನ ಮೀಟರಿಗಲ್ಲ.

ಒಪ್ಪಿಕೊಳ್ಳುವ ಪರೀಕ್ಷೆಯನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳಿ. ಕನಿಷ್ಠ ಒಂದು ವಾರ, ಲಾರಿಗಳಲ್ಲಿ ಬಂದ ಕಸವನ್ನೇ ಹಾಕಿ, ಸಹಾಯಕ ಬರ್ನರ್ ಎಷ್ಟು ಗಂಟೆ ಉರಿಯಿತು, ಎಷ್ಟು ಡೀಸೆಲ್ ಹೋಯಿತು ಎಂದು ಬರೆದಿಡಿ. ಪರೀಕ್ಷೆಗೆ ಹದಿನೈದು ದಿನ ಮುಂಚಿನಿಂದ ಗುಂಡಿಗೆ ಬಂದ ಪ್ರತಿ ಲಾರಿಯ ವೇಬ್ರಿಡ್ಜ್ ಚೀಟಿಯನ್ನೂ ನೋಡಿ. ಒಣಗಿದ ಮರದ ಚಕ್ಕೆಯೋ ಬಿಗಿದ ಪ್ಲಾಸ್ಟಿಕ್ ಬೇಲೋ ಗುಂಡಿಯ ಮೂಲೆಯಲ್ಲಿ ಮೊದಲೇ ಬಂದು ಕೂತಿದ್ದರೆ ಕ್ರೇನಿನ ಕ್ಯಾಬಿನ್ನಿನಲ್ಲಿ ನಿಂತು ನೋಡಿದವರಿಗೆ ಕಾಣುತ್ತದೆ. ಕಂಟ್ರೋಲ್ ರೂಮಿನ ಪರದೆಯ ಮುಂದೆ ಕೂತವರಿಗೆ ಕಾಣುವುದಿಲ್ಲ.